ಹನ್ನೆರಡು ಟ್ಯಾಂಕಿನ ಕಾರ್ಡು

ಯಶವಂತಪುರ, ಬೆಂಗಳೂರು
2 ಫೆಬ್ರವರಿ 1987, ಸೋಮವಾರ

ಸಂಗಾತಿ ಕಾಶಣ್ಣನವರಿಗೆ,

ಕುಶಲ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಓದಿ.

ಪಿಳ್ಳಣ್ಣನ ಬಲಗೈ ಹೋದಾಗ, ಮರದ ಕೈ ಹಾಕಿಸಿಕೊಡುತ್ತೇನೆ ಎಂದರು ನಮ್ಮ ಮಾಲೀಕರು. ಹಾಕಿಸಿಲ್ಲ. ಅವನ ಹೆಂಡತಿ ಮರಿಯಮ್ಮನಿಗೆ ಷೆಡ್ಡಿನಲ್ಲಿ ಕೆಲಸ ಕೊಡುತ್ತೇನೆ ಎಂದರು. ಕೊಟ್ಟಿಲ್ಲ. ಅವರ ಕಾಲೋನಿಯ ಹದಿನೇಳು ಗುಡಿಸಲಿಗೆ ಜಾಗದ ಕಾಗದ ಮಾಡಿಸಿಕೊಡುತ್ತೇನೆ ಎಂದರು. ಎರಡೂವರೆ ವರ್ಷವಾಯಿತು, ಮಾಡಿಸಿಲ್ಲ. ಹೊಸ ಎಂಜಿನ್ ಹನ್ನೆರಡು ಟ್ಯಾಂಕ್ ಎಣ್ಣೆ ಕುಡಿದು ಪಳಗದೆ ನೆಲ ಬಿಟ್ಟು ಏಳುವುದಿಲ್ಲ ಎಂದು ಗೋಡೆಯ ಮೇಲೆ ಬರೆಸಿದರು. ಗೋಡೆಗೆ ಸುಣ್ಣ ಬಳಿದಿದ್ದಾರೆ. ಇನ್ನು ಮುಂದೆ ಜನರ ತಲೆಯ ಮೇಲೆ ಯಂತ್ರ ಹಾರಿಸುವುದಿಲ್ಲ ಎಂದು ದೇವರ ಪಟ ಮುಟ್ಟಿ ಹೇಳಿದರು. ಬರುವ ತಿಂಗಳು ಎಂಟನೇ ತಾರೀಕು ಹಾರಿಸುತ್ತಾರೆ.

ನಿಮಗೆ ಗೊತ್ತಿರುವುದನ್ನೇ ಬರೆದಿದ್ದೇನೆ. ಬರೆದಿಡದ ಮಾತು ಸಾಹುಕಾರನ ಮಾತು ಎಂದು ಹೇಳಿಕೊಟ್ಟವರು ನೀವೇ.

ಈಗ ಹೊಸದು. ಗೊರಗುಂಟೆಪಾಳ್ಯದ ನಮ್ಮ ಷೆಡ್ಡಿಗೆ ಮತ್ತೊಂದು ಮಾಡೆಲ್ ಹೆಲಿಕಾಪ್ಟರ್ ಬಂದಿದೆ. ಜಪಾನಿನದು, ನೆಲದ ಮೇಲೆ ನಿಂತು ರೇಡಿಯೋ ಪೆಟ್ಟಿಗೆಯಿಂದ ಹಾರಿಸುವಂಥದ್ದು. ನೋಡಿದವರು ಆಟದ ಸಾಮಾನು ಎನ್ನುತ್ತಾರೆ. ಮೇಲಿನ ಮರದ ರೆಕ್ಕೆ ಬಿಚ್ಚಿ ನಿಲ್ಲಿಸಿದರೆ ನನ್ನ ಎತ್ತರಕ್ಕೆ ಬರುತ್ತದೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಅವತ್ತು ಪಿಳ್ಳಣ್ಣನ ಮೇಲೆ ಬಿದ್ದದ್ದಕ್ಕಿಂತ ಇದು ದೊಡ್ಡದು.

ವಿದ್ಯಾರಣ್ಯಪುರದ ಆಚೆ, ಕಾಲೋನಿಗೆ ಅಂಟಿಕೊಂಡಂತೆ ನಮ್ಮ ಮಾಲೀಕ ಬ್ಯಾಟರಾಯಪ್ಪ ಹೊಸ ಬಡಾವಣೆ ಹಾಕಿದ್ದಾನೆ. ಮಾರ್ಚ್ ಎಂಟು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅದರ ಉದ್ಘಾಟನೆ. ಹೆಲಿಕಾಪ್ಟರಿನ ಹೊಟ್ಟೆಗೆ ಬುಟ್ಟಿ ಕಟ್ಟಿ ಕಾಲೋನಿ ಜನರ ಮೇಲೆ ಹೂ ಸುರಿಸುತ್ತಾನಂತೆ. ಜಾಗದ ಕಾಗದವನ್ನೂ ಅವತ್ತೇ ಕೊಡುತ್ತಾನಂತೆ. ಮುಂದಿನ ಸಾಲುಗಳಲ್ಲಿ, ಹೂ ಬೀಳುವಲ್ಲಿ ಕೂತವರಿಗೆ ಮಾತ್ರ.

"ನಮ್ಮೋರೇ ಕಣಮ್ಮ ಅವ್ರು," ಎಂದ ನನ್ನ ಹತ್ತಿರ. "ಮ್ಯಾಲಿಂದ ಊವು ಬಿದ್ರೆ ದ್ಯಾವ್ರೇ ಅರಸ್ದಂಗೆ ಇರ್ತದೆ. ಏನಂತೀಯ?"

ಕಾಲೋನಿಯವರನ್ನು ಮುಟ್ಟದೆ ಹೂ ಹಾಕುವುದಕ್ಕೆ ಇವರಿಗೆ ಜಪಾನಿನಿಂದ ಯಂತ್ರ ತರಿಸಬೇಕಾಯಿತು.

ಶುಕ್ರವಾರ ಎಂಜಿನ್ನಿಗೆ ಪೂಜೆಯಾಯಿತು. ನಿಂಬೆಹಣ್ಣು, ಕುಂಕುಮ, ಎಲ್ಲ ಎಂದಿನಂತೆ. ಅದನ್ನು ಪಳಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನೀವು ಮಾಡುವಾಗ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಟ್ಟವಳು ನಾನು, ಸೂಜಿಗೆ ಕೈ ಹಾಕಿದವಳಲ್ಲ. ಒಂದೊಂದನ್ನೂ ಬಿಡಿಸಿ ಬರೆಯಿರಿ. ತಪ್ಪಿದರೆ ಯಾರ ಮೇಲೆ ಬೀಳುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತು.

ಪಿಳ್ಳಣ್ಣನಿಗಾಗಿ ಮಾಲೀಕನ ಮುಖಕ್ಕೆ ಕೆಲಸ ಎಸೆದು ಹೋದವರು ನೀವು. ಷೆಡ್ಡಿನಲ್ಲಿ ಈಗಲೂ ಆ ಮಾತು ಬರುತ್ತದೆ.

ನಿಮ್ಮ ತಂಗಿ
ರತ್ನಕ್ಕ


ಗದಗ
8 ಫೆಬ್ರವರಿ 1987

ರತ್ನಕ್ಕನಿಗೆ ಶರಣು.

ಪತ್ರ ನಿನ್ನೆ ಮುಟ್ಟಿತು. ಹಳೆಯದು ಬೇಡ. ಕೆಲಸ ಬರೆಯುತ್ತೇನೆ.

ಆರು ಟ್ಯಾಂಕ್ ಬೆಂಚಿನ ಮೇಲೆ. ಎಂಜಿನ್ನನ್ನು ಹಲಗೆಗೆ ಬೋಲ್ಟ್ ಮಾಡಿ ಮಾಡೆಲ್ ವಿಮಾನದ ಮರದ ಪಂಖ ಕಟ್ಟು. ಹೆಲಿಕಾಪ್ಟರಿನೊಳಗೆ ಈಗಲೇ ಕೂರಿಸಬೇಡ. ಎರಡು ನಿಮಿಷ ಓಡಿಸು, ನಿಲ್ಲಿಸು, ಕೈ ಇಟ್ಟರೆ ತಣ್ಣಗಿರಬೇಕು, ಮತ್ತೆ ಓಡಿಸು. ಬೇಸರವಾಗುತ್ತದೆ. ಆಗಲಿ.

ಎಣ್ಣೆಯ ದಾರಿಯಲ್ಲಿರುವ ಸೂಜಿಯೇ ಎಲ್ಲ. ಸಡಿಲ ಬಿಟ್ಟರೆ ಎಂಜಿನ್ ಎಣ್ಣೆ ಹೆಚ್ಚು ಕುಡಿಯುತ್ತದೆ, ತಂಪಾಗಿರುತ್ತದೆ, ನಿಧಾನ ಓಡುತ್ತದೆ. ಬಿಗಿ ಮಾಡಿದರೆ ಕಡಿಮೆ ಕುಡಿಯುತ್ತದೆ, ಜೋರಾಗುತ್ತದೆ, ಕಾಯುತ್ತದೆ. ಹೊಸ ಎಂಜಿನ್ನಿನ ಪಿಸ್ಟನ್ನಿಗೂ ಅದರ ಗೂಡಿಗೂ ಇನ್ನೂ ಪರಿಚಯವಿಲ್ಲ. ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಅದಕ್ಕೆ ಮುಂಚೆ ಕಾಯಿಸಿದರೆ ಪಿಸ್ಟನ್ ಉಬ್ಬಿ ಹಿಡಿದುಕೊಳ್ಳುತ್ತದೆ. ನೆಲದ ಮೇಲಿದ್ದರೆ ಹಾಳಾಗುವುದು ಎಂಜಿನ್ ಮಾತ್ರ.

ಆದ್ದರಿಂದ ಸೂಜಿ ಸಡಿಲವಿರಲಿ. ದನಿ ಗಂಟಲಲ್ಲಿ ಕಫ ಕಟ್ಟಿದವನ ಹಾಗೆ ಗುಡುಗುಡು ಎನ್ನಬೇಕು. ಚೀರಬಾರದು. ಹಿಂದೆ ಬಿಳಿ ಹೊಗೆ ಒಂದೇ ಸಮನೆ ಕಾಣಬೇಕು. ಹೊಗೆ ಕಾಣದಿದ್ದರೆ ಆ ಕ್ಷಣವೇ ನಿಲ್ಲಿಸು. ಹೊರಗೆ ಉಗುಳುವ ಎಣ್ಣೆ ಮೊದಲು ಕಪ್ಪಗೆ ಬರುತ್ತದೆ, ಲೋಹ ಸವೆಯುವ ಬಣ್ಣ ಅದು. ಅದು ತಿಳಿಯಾಗುವವರೆಗೆ ಸೂಜಿ ತಿರುಗಿಸಬೇಡ.

ಎಣ್ಣೆ: ಮೂರು ಪಾಲು ಮೆಥನಾಲ್ ಸ್ಪಿರಿಟ್, ಒಂದು ಪಾಲು ಹರಳೆಣ್ಣೆ. ಒಳ್ಳೆಯ ಹರಳೆಣ್ಣೆ.

ಉಳಿದ ಆರು ಟ್ಯಾಂಕಿಗೆ ಎಂಜಿನ್ನನ್ನು ಹೆಲಿಕಾಪ್ಟರಿನಲ್ಲಿ ಕೂರಿಸಿ, ಹೆಲಿಕಾಪ್ಟರನ್ನು ನೆಲದ ಹಲಗೆಗೆ ಹಗ್ಗದಿಂದ ಕಟ್ಟಿ ಓಡಿಸಬೇಕು. ಅದನ್ನು ಆಮೇಲೆ ಬರೆಯುತ್ತೇನೆ.

ಇನ್ನೊಂದು. ಎಂಜಿನ್ನಿನ ಜತೆ ಹನ್ನೆರಡು ಮನೆಯ ಕಾರ್ಡು ಇದೆಯಲ್ಲ, ಟ್ಯಾಂಕಿಗೊಂದು ಸಹಿ. ಅದು ಮಾಲೀಕನ ಮೇಜಿನಲ್ಲಿ ಇರಕೂಡದು, ಬೆಂಚಿನ ಮೇಲೆ ಇರಲಿ. ಟ್ಯಾಂಕ್ ಮುಗಿದ ಮೇಲೆ ಸಹಿ. ಒಂದಕ್ಕೆ ಒಂದು. ಮುಂಚೆ ಅಲ್ಲ, ಯಾರು ಏನೇ ಹೇಳಲಿ.

ಪಿಳ್ಳಣ್ಣ ನನ್ನ ಸುದ್ದಿ ತೆಗೆಯುತ್ತಾನೆಯೆ?

ಕಾಶಿನಾಥ


ಯಶವಂತಪುರ
13 ಫೆಬ್ರವರಿ 1987

ಕಾಶಣ್ಣನವರಿಗೆ,

ಮೂರು ಟ್ಯಾಂಕ್ ಮುಗಿಯಿತು. ನೀವು ಬರೆದಂತೆ ಎರಡು ನಿಮಿಷ ಓಡಿಸುವುದು, ಕಾಯುವುದು, ಓಡಿಸುವುದು. ಮೈಯೆಲ್ಲ ಹರಳೆಣ್ಣೆ ವಾಸನೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಬಿಡುತ್ತಾರೆ, ಅದೊಂದು ಸುಖ.

ಹರಳೆಣ್ಣೆಗಾಗಿ ಮಾಲೀಕನನ್ನು ಕೇಳಿದೆ. "ಎಣ್ಣೆಗೂ ನನ್ನೇ ಕೇಳ್ತೀಯಲ್ಲಮ್ಮ" ಎಂದ. ನಾನು ಕೇಳುವುದನ್ನು ಬಿಟ್ಟು, ಅವ್ವ ಊರಿಂದ ಕಳಿಸಿದ್ದನ್ನೇ ತಂದು ಹಾಕಿದೆ. ಅಂಗಡಿಯದಲ್ಲ. ಅವ್ವನೇ ಹರಳು ಹುರಿದು, ಕುಟ್ಟಿ, ನೀರಲ್ಲಿ ಬೇಯಿಸಿ ತೆಗೆದದ್ದು. ಇದಕ್ಕಿಂತ ಒಳ್ಳೆಯದು ಬೆಂಗಳೂರಲ್ಲಿ ಸಿಗುವುದಿಲ್ಲ.

ಹಾರಿಸುವವನು ನರಸಯ್ಯ. ನಿಮ್ಮ ನಂತರ ಬಂದವನು, ನಿಮಗೆ ಪರಿಚಯವಿಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬೆಂಚಿನ ಹತ್ತಿರ ನಿಂತು ದಿನಾ ಒಂದು ಬಾಣ ಬಿಡುತ್ತಾನೆ.

"ಏನಕ್ಕಾ, ಬಾಣಂತಿ ಆರೈಕೆ ಮಾಡ್ತಿದ್ದೀಯ? ಎಂಜಿನ್ನಿಗೆ ಸೋಬಾನೆ ಹಾಡ್ಬಿಡು!"

"ನಿನಗೂ ಯಾರರೆ ಹಿಂಗ ಆರೈಕಿ ಮಾಡಿದ್ರ ಇಷ್ಟು ಒದರ್ತಿದ್ದಿಲ್ಲ ನೀನು," ಅಂದೆ.

ಹುಡುಗರೆಲ್ಲ ನಕ್ಕರು. ಅವನೂ ನಕ್ಕ. ಆಮೇಲೆ ಸೂಜಿಯ ಕಡೆ ಕೈ ಚಾಚಿದ. "ಸ್ವಲ್ಪ ಬಿಗಿ ಮಾಡಕ್ಕಾ, ಒಂದ್ಸಲ ಕೂಗಿಸಿ ನೋಡೋಣ." ನಾನು ಸ್ಪ್ಯಾನರ್ ತೋರಿಸಿದೆ. ಕೈ ಹಿಂದಕ್ಕೆ ಹೋಯಿತು.

ಪಿಳ್ಳಣ್ಣ ಬಂದಿದ್ದ. ನೀವು ಕೇಳಿದ್ದಿರಲ್ಲ. ಎಡಗೈಯಲ್ಲಿ ಬೀಡಿ ಹಿಡಿದು ಷೆಡ್ಡಿನ ಹೊರಗಿನ ಕಲ್ಲಿನ ಮೇಲೆ ಒಂದು ತಾಸು ಕೂತ. ಎಂಜಿನ್ ಶುರುವಾದರೆ ಎದ್ದು ಗೇಟಿನ ತನಕ ಹೋಗುತ್ತಾನೆ, ನಿಂತರೆ ಬಂದು ಕೂರುತ್ತಾನೆ. ಹೋಗುವಾಗ ಕೇಳಿದ: "ಕಾಸಣ್ಣ ಚೆನ್ನಾಗವ್ನಾ? ಅವ್ನು ಇದ್ದಿದ್ರೆ ನಂಗೆ ಇಂಗಾಗಾಕೆ ಬುಡ್ತಿರ್ಲಿಲ್ಲ." ಅವತ್ತು ನೀವು ಅಲ್ಲೇ ಇದ್ದಿರಿ, ಹಾರಿಸುತ್ತಿದ್ದವರೇ ನೀವು. ಆದರೂ ಅವನ ಮನಸ್ಸಿನಲ್ಲಿ ಹಾಗಿದೆ. ನಾನು ತಿದ್ದಲಿಲ್ಲ. ಗಾಳಿಯಲ್ಲಿ ಎಂಜಿನ್ ನಿಂತರೆ ಹಾರಿಸುವವನು ಏನು ಮಾಡುತ್ತಾನೆ?

ಬೆಂಚಿನ ಮೇಲೆ ನಿನ್ನೆಯಿಂದ ಒಂದು ವಿಚಿತ್ರ. ಸೂಜಿ ಮುಟ್ಟಿಲ್ಲ, ಆದರೂ ಗುಡುಗುಡು ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಚೀರುತ್ತದೆ, ಮತ್ತೆ ತಾನೇ ಇಳಿಯುತ್ತದೆ. ಯಾಕೆ?

ಕಾರ್ಡಿನ ವಿಷಯ ನಾನು ನೋಡಿಕೊಳ್ಳುತ್ತೇನೆ.

ರತ್ನಕ್ಕ


ಗದಗ
18 ಫೆಬ್ರವರಿ 1987

ರತ್ನಕ್ಕ,

ಆ ಎಣ್ಣೆ ಚೆಲ್ಲು. ಇವತ್ತೇ. ಅವ್ವನಿಗೆ ಹೇಳಬೇಡ.

ತಪ್ಪು ನನ್ನದು. ಒಳ್ಳೆಯದು ಎಂದು ಬರೆದೆ, ನಮ್ಮ ಕಡೆಯವರಿಗೆ ಒಳ್ಳೆಯ ಹರಳೆಣ್ಣೆ ಎಂದರೆ ಮನೆಯಲ್ಲಿ ಬೇಯಿಸಿದ್ದೇ ಎಂಬುದನ್ನು ಮರೆತೆ. ಅದು ತಲೆಗೆ ಒಳ್ಳೆಯದು, ಕೂಸಿನ ಹೊಟ್ಟೆಗೆ ಒಳ್ಳೆಯದು. ಎಂಜಿನ್ನಿಗೆ ವಿಷ. ಬೇಯಿಸಿದ ಎಣ್ಣೆಯಲ್ಲಿ ನೀರು ಉಳಿದಿರುತ್ತದೆ, ಗಸಿ ಇರುತ್ತದೆ. ಆ ಗಸಿ ಸೂಜಿಯ ತೂತಿನಲ್ಲಿ ಕೂತಾಗ ಎಣ್ಣೆ ಕಡಿಮೆಯಾಗಿ ಚೀರುತ್ತದೆ, ಸರಿದಾಗ ಇಳಿಯುತ್ತದೆ. ಯಂತ್ರದಲ್ಲಿ ಒತ್ತಿ ತೆಗೆದು ಸೋಸಿದ ಎಣ್ಣೆ ತಾ. ಟ್ಯಾಂಕು, ಕೊಳವೆ, ಸೂಜಿ ಎಲ್ಲ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆ. ಆ ಮೂರು ಟ್ಯಾಂಕ್ ಲೆಕ್ಕಕ್ಕಿಲ್ಲ. ಒಂದರಿಂದ ಶುರು ಮಾಡು.

ಪರೀಕ್ಷೆ ಹೀಗೆ. ಎಂಜಿನ್ ಓಡುವಾಗ ಎಣ್ಣೆಯ ಕೊಳವೆಯನ್ನು ಬೆರಳಲ್ಲಿ ಒಂದು ಚಣ ಹಿಸುಕಿ ಬಿಡು. ದನಿ ಮೇಲೇರಿ ಆಮೇಲೆ ಇಳಿದರೆ ಅದಕ್ಕೆ ಬೇಕಾದಷ್ಟು ಎಣ್ಣೆ ಇದೆ. ಏರದೆ ಹಾಗೇ ಸತ್ತರೆ ಸೂಜಿ ಬಿಗಿಯಾಗಿದೆ ಎಂದರ್ಥ. ಇದನ್ನು ಯಾವ ಸಾಹುಕಾರನೂ ಸುಳ್ಳು ಮಾಡಲಾರ.

ಗಾಳಿಯಲ್ಲಿ ನಿಂತರೆ ಏನು ಎಂದು ಕೇಳಿದ್ದೀಯ. ಎತ್ತರವಿದ್ದರೆ, ಬೀಳುವ ರಭಸಕ್ಕೇ ರೆಕ್ಕೆ ತಿರುಗುತ್ತದೆ, ಕೈ ಪಳಗಿದವನು ಹಾಗೇ ಜಾರಿಸಿ ಇಳಿಸಬಹುದು. ಎರಡಾಳು ಎತ್ತರದಲ್ಲಿ, ಹೊಟ್ಟೆಯಲ್ಲಿ ಬುಟ್ಟಿಯ ಭಾರ ಇಟ್ಟುಕೊಂಡು, ಏನೂ ಮಾಡಲಾಗುವುದಿಲ್ಲ. ರೆಕ್ಕೆ ತಿರುಗುತ್ತಲೇ ಬರುತ್ತದೆ. ಸಾಕು.

ಕಾರ್ಡಿನ ಬಗ್ಗೆ "ನೋಡಿಕೊಳ್ಳುತ್ತೇನೆ" ಎಂದರೇನು? ಅದರಲ್ಲಿ ನೋಡುವುದೇನಿದೆ? ಷೆಡ್ಡಿನಲ್ಲಿ ಫೋರ್‌ಮನ್ ಜಾಗ ಖಾಲಿ ಇದೆ ಎಂದು ಕೇಳಿದ್ದೇನೆ. ನಿನಗೆ ಬೇಕೆನಿಸಿದರೆ ತಪ್ಪಲ್ಲ. ಆದರೆ ನನಗೆ ನೇರ ಬರೆ.

ಕಾಶಿನಾಥ


ಯಶವಂತಪುರ
23 ಫೆಬ್ರವರಿ 1987

ಕಾಶಣ್ಣನವರಿಗೆ,

ಫೋರ್‌ಮನ್ ಜಾಗ! ಗದಗಿನಲ್ಲಿ ಕೂತು ಅಷ್ಟು ದೂರದ ವಾಸನೆ ಹಿಡಿದಿರಲ್ಲ, ಅದಕ್ಕಾಗಿ ಮಾಲೀಕನಿಗೆ ಬಾಗುತ್ತೇನೆ ಅಂದುಕೊಂಡಿರಾ? ನೇರ ಬರೆಯುತ್ತೇನೆ, ತಗೊಳ್ಳಿ.

ನಿಮ್ಮ ಪತ್ರ ಶುಕ್ರವಾರ ಬಂತು. ಅವ್ವನ ಎಣ್ಣೆ ಚೆಲ್ಲಿದೆ. ಎಲ್ಲ ತೊಳೆದೆ. ಸೋಸಿದ ಎಣ್ಣೆ ತಂದೆ. ಶುಕ್ರವಾರ ಒಂದು, ಶನಿವಾರ ಒಂದು, ಎರಡು ಟ್ಯಾಂಕ್ ಓಡಿಸಿದೆ. ಕೊಳವೆ ಹಿಸುಕಿದರೆ ದನಿ ಏರಿ ಇಳಿಯಿತು. ಎಷ್ಟು ಚೆಂದ ಓಡಿತು ಎಂದರೆ, ಕಾಶಣ್ಣ, ಬೆಂಚಿನ ಮುಂದೆ ನಿಂತು ನಾನೊಬ್ಬಳೇ ನಕ್ಕೆ. ಉಗುಳುವ ಎಣ್ಣೆ ಮಾತ್ರ ಇನ್ನೂ ಕಪ್ಪಗಿದೆ.

ಇವತ್ತು ಬೆಳಗ್ಗೆ ಹೋದರೆ ಬೆಂಚು ಖಾಲಿ. ನಿನ್ನೆ ಭಾನುವಾರವೇ ಎಂಜಿನ್ ಕಳಚಿ ಹೆಲಿಕಾಪ್ಟರಿಗೆ ಕೂರಿಸಿದ್ದಾರೆ. ನಾನು ಮಾಲೀಕನ ಕೋಣೆಗೆ ನುಗ್ಗಿದೆ. ಅವನು ತಿಂಡಿ ತಿನ್ನುತ್ತಿದ್ದ.

"ಎರಡ ಟ್ಯಾಂಕ್ ಆಗ್ಯಾವ್ರೀ. ಇನ್ನ ಹತ್ತು ಬಾಕಿ ಐತಿ."

"ಕೂತ್ಕೊಳಮ್ಮ. ದೋಸೆ ತಿಂತೀಯ?"

"ದ್ವಾಸಿ ಬ್ಯಾಡ್ರಿ. ಎಂಜಿನ್ ಬೆಂಚಿಗೆ ಬರ್ಲಿ."

ಅವನು ಕೈ ಒರೆಸಿಕೊಂಡು, ದೇವರ ಪಟದ ಹಿಂದಿನಿಂದ ಕಾರ್ಡು ತೆಗೆದು ನನ್ನ ಮುಂದೆ ಹಿಡಿದ. ಸಿಟ್ಟಿನಿಂದಲ್ಲ, ಮಕ್ಕಳಿಗೆ ಲೆಕ್ಕ ತೋರಿಸುವ ಹಾಗೆ. "ಇಲ್ನೋಡು. ಅನ್ನೆರ್ಡೂ ಮನೆ ತುಂಬೈತೆ. ರತ್ನಕ್ಕ, ರತ್ನಕ್ಕ, ರತ್ನಕ್ಕ. ನಿಂದೇ ರುಜು ಅಲ್ವಾ ಇದು? ನಾನು ಓದ್ದೋನಲ್ಲ, ನೀನು ಐಟಿಐ ಮಾಡ್ದೋಳು. ನೀನು ಬರ್ದಿದ್ದು ಸುಳ್ಳಾದ್ರೆ ನಾನ್ ಯಾರ್ನ ನಂಬ್ಲಮ್ಮ?"

ಹೌದು. ನನ್ನದೇ ಸಹಿ. ಹನ್ನೆರಡೂ. ಪೂಜೆಯ ದಿನ ಹಾಕಿದ್ದು. ನಿಮಗೆ ಬರೆಯಲಿಲ್ಲ, ನಾಚಿಕೆಯಾಯಿತು.

ಎಂಜಿನ್ನಿನ ಮುಂದೆ ಕಾರ್ಡು ಇಟ್ಟಿದ್ದರು. "ಖಾಲಿ ಕಾರ್ಡು ಪೂಜೆಗಿಟ್ರೆ ಕೆಲ್ಸವೂ ಖಾಲಿಯಾಯ್ತದೆ ಕಣಮ್ಮ, ತುಂಬಿಸಿಡು" ಎಂದ. ಎಲ್ಲರೂ ಕೈಮುಗಿದು ನಿಂತಿದ್ದರು. ಕರ್ಪೂರ ಉರಿಯುತ್ತಿತ್ತು. ಅದು ಆರುವುದರೊಳಗೆ ಹನ್ನೆರಡು ಮನೆಯಲ್ಲೂ ಹೆಸರು ಬರೆದೆ. ಈ ಷೆಡ್ಡಿನಲ್ಲಿ ಮೊದಲಿನಿಂದ ಇದೇ ರೂಢಿ ಎಂದರು. ನಿಮ್ಮ ಜತೆ ಕಾರ್ಮಿಕರ ಮೆರವಣಿಗೆಯಲ್ಲಿ ಪೂಜೆ ಪುನಸ್ಕಾರದ ವಿರುದ್ಧ ಘೋಷಣೆ ಕೂಗುತ್ತಿದ್ದವಳು ನಾನು. ಒಂದು ಕರ್ಪೂರದ ಬಿಲ್ಲೆ ನನ್ನ ಬಾಯಿ ಕಟ್ಟಿತು. ಉಗುಳುವುದಾದರೆ ಉಗುಳಿ.

ಈಗ ನನ್ನ ಸರದಿ. ನೀವು ಮೂರು ವಾರದಿಂದ ಸೂಜಿ, ಕೊಳವೆ, ಗಸಿ ಎಂದು ಕೈಪಿಡಿಯ ಹಾಗೆ ಬರೆಯುತ್ತಿದ್ದೀರಿ. ಈ ಗೇಟಿನಲ್ಲಿ ನಿಮ್ಮ ದನಿ ಕೇಳಿದರೆ ತುಮಕೂರು ರಸ್ತೆಯ ಲಾರಿ ನಿಲ್ಲುತ್ತಿತ್ತು. ಆ ಮನುಷ್ಯ ಎಲ್ಲಿ? ಇಲ್ಲಿಗೆ ಬಂದು ಒಂದು ಮಾತು ಹೇಳಿದರೆ ಸಾಕು, ಹುಡುಗರು ಕೆಲಸ ನಿಲ್ಲಿಸುತ್ತಾರೆ. ಎಂಬತ್ತನಾಲ್ಕರಲ್ಲಿ ಏನಾಯಿತು ಎಂದು ಒಂದು ಸಾಲಾದರೂ ಬರೆಯಿರಿ. ನಿಮಗೆ ಯಾರ ಭಯ?

ಪಿಳ್ಳಣ್ಣನನ್ನು ಮುಂದಿನ ಸಾಲಿನ ನಡುವೆ ಕೂರಿಸುತ್ತಾರಂತೆ. "ಅವನ ಮೇಲೇ ಮೊದ್ಲ ಊವು ಬೀಳ್ಬೇಕು, ಪಾಪ ಕಳೀತದೆ" ಎಂದನಂತೆ ಸಾಹುಕಾರ.

ಇನ್ನು ಹದಿಮೂರು ದಿನ.

ರತ್ನಕ್ಕ


ಗದಗ
27 ಫೆಬ್ರವರಿ 1987

ರತ್ನಕ್ಕ,

ಉಗುಳುವುದಕ್ಕೆ ನನ್ನ ಬಾಯಲ್ಲಿ ಏನೂ ಇಲ್ಲ.

ಎಂಬತ್ತನಾಲ್ಕರ ಕಾರ್ಡಿನಲ್ಲೂ ಹನ್ನೆರಡು ಸಹಿ ಇವೆ. ನನ್ನವು. ಪೂಜೆಯ ದಿನ, ಅದೇ ಕರ್ಪೂರದ ಮುಂದೆ. ಮೊದಲಿನಿಂದ ಇರುವ ರೂಢಿ ಎಂದು ನಿನಗೆ ಹೇಳಿದರಲ್ಲ, ಅದು ನನ್ನಿಂದ ಶುರುವಾದ ರೂಢಿ.

ಆ ಎಂಜಿನ್ ಓಡಿದ್ದು ನಾಲ್ಕು ಟ್ಯಾಂಕ್. ಸಾಹುಕಾರನ ನೆಂಟರು ನೋಡಲು ಬರುತ್ತಿದ್ದರು. ನಾನೇ ಸೂಜಿ ಬಿಗಿ ಮಾಡಿದೆ. ನನಗೆ ಗೊತ್ತಿತ್ತು, ಆದರೂ ಮಾಡಿದೆ. ಒಮ್ಮೆ ಎದ್ದು ಇಳಿದರೆ ಮುಗಿಯಿತು ಅಂದುಕೊಂಡೆ. ಹೊಗೆ ಮೊದಲು ತೆಳ್ಳಗಾಯಿತು, ಆಮೇಲೆ ಕಾಣಲೇ ಇಲ್ಲ. ನಾನು ನೋಡಿದೆ. ಇಳಿಸಬಹುದಿತ್ತು, ಎಂಟು ಹತ್ತು ಎಣಿಸುವಷ್ಟು ಹೊತ್ತು ಇತ್ತು. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಪಿಳ್ಳಣ್ಣ ನಾನು ಹೇಳಿದ್ದಕ್ಕೇ ಹುಲ್ಲಿನಲ್ಲಿ ಕುರ್ಚಿ ಹಾಕಲು ಬಂದಿದ್ದ. ಜನ ನಿಲ್ಲಬೇಕಾದ ಗೆರೆ ದಾಟಿ ಬಂದವನಲ್ಲ. ಗೆರೆಯೇ ಹಾಕಿರಲಿಲ್ಲ.

ವಿಚಾರಣೆಯಲ್ಲಿ ಕಾರ್ಡು ಇಟ್ಟರು. ಕಾರ್ಡು ಸರಿ ಇದೆ, ಆದ್ದರಿಂದ ಎಂಜಿನ್ ಸರಿ ಇತ್ತು, ಆದ್ದರಿಂದ ತಪ್ಪು ಪಿಳ್ಳಣ್ಣನದು, ಕುಡಿದು ಗೆರೆ ದಾಟಿದ. ಹಾಗೆ ಬರೆದುಕೊಂಡರು. ಆ ಮನುಷ್ಯ ಹೆಂಡ ಮುಟ್ಟಿದವನಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನನ್ನ ದನಿಗೆ ಲಾರಿ ನಿಲ್ಲುತ್ತಿತ್ತು ಅಂದೆಯಲ್ಲ. ಅವತ್ತು ಅದು ಗಂಟಲು ಬಿಟ್ಟು ಹೊರಗೆ ಬರಲಿಲ್ಲ.

ನಾನು ಯಾರ ಮುಖಕ್ಕೂ ಕೆಲಸ ಎಸೆದು ಬಂದಿಲ್ಲ. ಈ ಪಂಪ್‌ಸೆಟ್ ರಿಪೇರಿ ಅಂಗಡಿಯ ಲೇತ್ ಬ್ಯಾಟರಾಯಪ್ಪ ಕೊಟ್ಟದ್ದು. ಲಾರಿಯಲ್ಲಿ ಹೇರಿ ಕಳಿಸಿದ. ದಿನಾ ಅದರ ಮುಂದೆ ನಿಲ್ಲುತ್ತೇನೆ.

ನಿನ್ನ ಸಹಿಯ ಬಗ್ಗೆ ಅನುಮಾನ ಪಟ್ಟೆ. ನನ್ನ ಕೊಳೆಯನ್ನು ನಿನ್ನ ಮೈಮೇಲೆ ಹುಡುಕಿದೆ. ಮನ್ನಿಸು.

ಈಗ ಕೇಳು. ಅವನ ಹತ್ತಿರ ಇರುವ ಕಾರ್ಡೇ ಅವನನ್ನು ಹಿಡಿದುಕೊಡುತ್ತದೆ. ಹನ್ನೆರಡು ಟ್ಯಾಂಕ್ ಓಡಿದ ಬೆಂಚಿನ ಮೇಲಿದ್ದ ಕಾರ್ಡು ಹೇಗಿರುತ್ತದೆ? ನಿನ್ನ ಕೈ ಹೇಗಿರುತ್ತದೆಯೋ ಹಾಗೆ. ಹರಳೆಣ್ಣೆಯಲ್ಲಿ ನೆಂದು, ಕಪ್ಪು ಬೆರಳಿನ ಗುರುತು ಬಿದ್ದು, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣಬೇಕು. ಅವನ ಕಾರ್ಡಿನ ಮೇಲೆ ಎಣ್ಣೆಯ ಒಂದು ತೊಟ್ಟೂ ಇರುವುದಿಲ್ಲ. ಕುಂಕುಮ ಇರುತ್ತದೆ, ಸಹಿಯ ಮಸಿಯ ಮೇಲೆ ಕೂತ ಕುಂಕುಮ. ಅಂದರೆ ಪೂಜೆ ಮುಗಿಯುವ ಮೊದಲೇ ಸಹಿ ಬಿದ್ದಿದೆ. ಓದು ಬರದವರಿಗೂ ಇದು ಕಾಣುತ್ತದೆ. ಅವನಿಗೆ ಮಾತ್ರ ಕಾಣುವುದಿಲ್ಲ, ಅವನು ಅದನ್ನು ಪ್ರಸಾದ ಅಂದುಕೊಂಡಿದ್ದಾನೆ. ಜನರ ಮುಂದೆ ಕೇಳಿದರೆ ತಾನೇ ಹೆಮ್ಮೆಯಿಂದ ತೆಗೆದು ತೋರಿಸುತ್ತಾನೆ. ತೋರಿಸಲಿ.

ಈ ಪತ್ರವನ್ನು ಪಿಳ್ಳಣ್ಣನಿಗೆ ಓದಿ ಹೇಳು. ಪೂರ್ತಿ. ನನಗೆ ಅಲ್ಲಿಗೆ ಬರುವ ಮುಖವಿಲ್ಲ.

ಕಾಶಿನಾಥ


ಕಾಲೋನಿ, ವಿದ್ಯಾರಣ್ಯಪುರದ ಆಚೆ
4 ಮಾರ್ಚ್ 1987, ಬುಧವಾರ

ಕಾಶಣ್ಣನವರಿಗೆ,

ಇದನ್ನು ಗದಗ ಬಸ್ಸಿನ ಡ್ರೈವರ್ ಕೈಲಿ ಕೊಡುತ್ತಿದ್ದೇನೆ. ಅಂಚೆಯನ್ನು ನಂಬುವಷ್ಟು ದಿನ ಉಳಿದಿಲ್ಲ.

ನನ್ನನ್ನು ಸೋಮವಾರ ಷೆಡ್ಡಿನಿಂದ ಹೊರಗೆ ಹಾಕಿದರು. ಕಾರಣ ಬರೆದು ಕೊಡಿ ಎಂದೆ. "ನಿಂಗೆ ಮೈಗೆ ಉಸಾರಿಲ್ಲ, ರೆಸ್ಟ್ ತಗೋ" ಎಂದ ಸಾಹುಕಾರ. ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ಯಾರಿಗೂ ಬಯ್ಯಲಿಲ್ಲ ನಾನು. ಕರ್ಪೂರದ ಮುಂದೆ ನಿಂತವಳಿಗೆ ಗೊತ್ತು.

ನಿನ್ನೆ ಮಂಗಳವಾರ ನಡುಮಧ್ಯಾಹ್ನ ಬಡಾವಣೆಯ ಖಾಲಿ ಸೈಟುಗಳ ಮೇಲೆ ಹಾರಿಸಿ ನೋಡಿದರು. ಹಲಗೆಗೆ ಕಟ್ಟಿ ಓಡಿಸಬೇಕಾದ ಆರು ಟ್ಯಾಂಕಿನಲ್ಲಿ ಒಂದೂ ಆಗಿಲ್ಲ. ನಾನು ಕಾಲೋನಿಯ ಬೇಲಿಯ ಹತ್ತಿರ ನಿಂತಿದ್ದೆ. ಬುಟ್ಟಿಯಲ್ಲಿ ಹೂವಿನ ಬದಲು ಒದ್ದೆ ಮಣ್ಣು ತುಂಬಿದ್ದರು, ತೂಕಕ್ಕೆ. ಭಾರಕ್ಕೆ ಏಳಲಿಲ್ಲ. ನರಸಯ್ಯ ಸೂಜಿ ಬಿಗಿ ಮಾಡಿದ. ಎದ್ದಿತು. ನನ್ನ ಕಿವಿಗೆ ಆ ಚೀರು ಬಿತ್ತು. ಹೊಗೆ ಹುಡುಕಿದೆ. ಕಾಣಲಿಲ್ಲ. ಬಿಸಿಲಿಗೆ ಹಾಗಿರಬಹುದೇನೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಹೊಗೆ ಇರಲಿಲ್ಲ. ಮೊಣಕಾಲೆತ್ತರಕ್ಕೆ ಬಂದಾಗ ಎಂಜಿನ್ ತಟಕ್ಕನೆ ನಿಂತಿತು. ಯಂತ್ರ ಕುಕ್ಕರಿಸಿ ಕೂತಿತು. ರೆಕ್ಕೆ ಇನ್ನೂ ತಿರುಗುತ್ತಲೇ ಇತ್ತು. ಬೇಲಿಯ ಈಚೆ ಪಿಳ್ಳಣ್ಣ ನೆಲಕ್ಕೆ ಬಿದ್ದು, ಇಲ್ಲದ ಕೈಯಿಂದ ತಲೆ ಮುಚ್ಚಿಕೊಳ್ಳಲು ನೋಡುತ್ತಿದ್ದ.

ನರಸಯ್ಯ ನನ್ನನ್ನು ನೋಡಿದ. ಬಾಣ ಬಿಡಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಕ್ಕಾ, ನಿಜ ಹೇಳು. ಎಷ್ಟು ಓಡಿದೆ ಇದು?"

"ಎರಡು."

"ಕಾರ್ಡಲ್ಲಿ ಹನ್ನೆರಡಿದೆ."

"ಕಾರ್ಡ್ ಪೂಜಿ ದಿನಾ ಬರ್ದಿದ್ದು."

ಅವನು ತುಟಿ ಒರೆಸಿಕೊಂಡ. "ನಂಗೆ ಮೂರು ಹೆಣ್ಮಕ್ಳು ಅಕ್ಕಾ" ಎಂದಷ್ಟೇ ಹೇಳಿ ಹೋದ. ಭಾನುವಾರ ಹಾರಿಸುತ್ತಾನೋ ಇಲ್ಲವೋ ಆ ಮಾತಿನಿಂದ ತಿಳಿಯಲಿಲ್ಲ. ಸಾಹುಕಾರ ಹೊಸ ನಿಂಬೆಹಣ್ಣು ತರಲು ಆಳು ಕಳಿಸಿದ.

ನಿಮ್ಮ ಪತ್ರ ಅವತ್ತೇ ಸಂಜೆ ಓದಿ ಹೇಳಿದೆ. ಪೂರ್ತಿ. ಪಿಳ್ಳಣ್ಣನ ಗುಡಿಸಲಿನ ಮುಂದೆ, ಮರಿಯಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವಳು ಅವಳೇ.

"ಎಲ್ಡೂವರೆ ವರ್ಸ ಈ ಮನ್ಸನ್ನ ಕುಡುಕ ಅಂದ್ರು. ನನ್ ಮಗಳ ಸಂಬಂದ ಎಲ್ಡು ಮುರ್ದೋದ್ವು. ಆವಯ್ಯ ಅಲ್ಲಿ ಲೇತ್ ತಿರುಗ್ಸ್ಕೊಂಡು ಕೂತವ್ನಾ?"

ಪಿಳ್ಳಣ್ಣ ಕೇಳಿದ: "ನಾನು ಕುಡ್ದಿರ್ಲಿಲ್ಲ ಅಂತ ಬರ್ದವ್ನಾ? ಆ ಮಾತು ಇನ್ನೊಂದ್ ಸಲ ಓದು."

ಓದಿದೆ. ಮತ್ತೆ ಓದು ಎಂದ. ಮತ್ತೆ ಓದಿದೆ.

"ಸರಿ. ಕಾಗ್ದ ಮಾತಾಡಿದ್ದಾಯ್ತು. ಅವ್ನ ಬಾಯಲ್ಲಿ ಬರ್ಲಿ, ನಮ್ ಜನದ ಮುಂದೆ. ಮುಖ ಇಲ್ಲಾಂದ್ರೆ ಮುಖ ಇಲ್ದೇನೆ ಬರ್ಲಿ."

ಇಷ್ಟೇ ಅವನು ಹೇಳಿದ್ದು. ಸಿಟ್ಟೋ ಮತ್ತೇನೋ ನನಗೆ ಗೊತ್ತಾಗಲಿಲ್ಲ. ಸುಳ್ಳು ಸಮಾಧಾನ ಬರೆಯುವುದಿಲ್ಲ.

ಕಾಲೋನಿ ಎರಡಾಗಿದೆ. ಮುಂದಿನ ಸಾಲಿನಲ್ಲಿ ಕೂರಬೇಡಿ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಮುನಿರಾಮಯ್ಯ ಎಂಬ ಹಿರಿಯ ನನ್ನನ್ನು ತಡೆದು ನಿಲ್ಲಿಸಿದ. "ಊವು ಬಿದ್ರೂ ಸರಿ, ಎಲಿಕಾಪ್ಟ್ರು ಬಿದ್ರೂ ಸರಿ. ನಂಗೆ ಕಾಗ್ದ ಬೇಕು. ಮೂರ್ ತಲೆಮಾರಾಯ್ತು ಕಣವ್ವ ಈ ನೆಲದ ಮ್ಯಾಲೆ ಕೂತು. ಇನ್ನೊಂದ್ ಗಂಟೆ ಕೂತ್ರೆ ಸಾಯ್ತೀನಾ?" ಸಾಯಬಹುದು ಎಂದೆ. ನಕ್ಕ. ಅವನ ಸೊಸೆ ಆಗಲೇ ಮಕ್ಕಳಿಗೆ ಹೊಸ ಬಟ್ಟೆ ತೆಗೆದಿಟ್ಟಿದ್ದಾಳೆ.

ನಾನು ಹೊರಗಿನವಳು, ಕೆಲಸ ಕಳೆದುಕೊಂಡ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದು ಸಾಹುಕಾರನ ಕಡೆಯವರು ಹಬ್ಬಿಸಿದ್ದಾರೆ. ನನ್ನ ಸಹಿಯೇ ನನ್ನ ಮಾತನ್ನು ಸುಳ್ಳು ಮಾಡುತ್ತಿದೆ. ಅದನ್ನು ಒಡೆಯುವುದಕ್ಕೆ ನನ್ನದೊಂದೇ ಬಾಯಿ ಸಾಲದು. ಅದೇ ಕರ್ಪೂರದ ಮುಂದೆ ಸಹಿ ಹಾಕಿದ ಇನ್ನೊಬ್ಬರು ಎದ್ದು ನಿಂತು ಹೇಳಬೇಕು. ಆ ಇನ್ನೊಬ್ಬರು ಲೋಕದಲ್ಲಿ ನೀವೊಬ್ಬರೇ.

ಮುಂದಿನ ಸಾಲಿನ ಚೀಟಿ ಹಂಚಲು ಶನಿವಾರ ಬ್ಯಾಟರಾಯಪ್ಪನೇ ಕಾಲೋನಿಗೆ ಬರುತ್ತಾನೆ. ಜನ ಹೆದರಿದ್ದಾರೆ, ಧೈರ್ಯಕ್ಕೆ ಕಾರ್ಡು ತಂದು ತೋರಿಸಿ ಎಂದು ಪಿಳ್ಳಣ್ಣನಿಂದ ಹೇಳಿ ಕಳಿಸಿದ್ದೇನೆ. ತರುತ್ತಾನಂತೆ, ಎಂಬತ್ತನಾಲ್ಕರ ಹಳೆಯದು, ಈಗಿನ ಹೊಸದು ಎರಡೂ. ಸಂತೋಷದಿಂದ ಒಪ್ಪಿದನಂತೆ. ಯಂತ್ರವನ್ನೂ ತಂದು ಜನರ ನಡುವೆ ಇಟ್ಟು ಶುರು ಮಾಡಿ ತೋರಿಸುತ್ತಾನಂತೆ. ಅದು ನಾನು ಕೇಳಿದ್ದಲ್ಲ.

ಎಡಗೈಯಲ್ಲೇ ಪಿಳ್ಳಣ್ಣ ಅಂಗಳ ಗುಡಿಸುತ್ತಿದ್ದಾನೆ. ನಿಮಗೆ ಕೂರಲೆಂದು ಒಂದು ಕಲ್ಲು ತಂದು ಹಾಕಿದ್ದಾನೆ. ಶುಕ್ರವಾರದ ಬಸ್ಸು ಹಿಡಿದರೆ ಯಶವಂತಪುರದಲ್ಲಿ ಇಳಿದು ಸಿಟಿ ಬಸ್ಸಿನಲ್ಲಿ ಬರಬಹುದು. ಬಂದರೆ ನಿಮ್ಮ ಪಕ್ಕದಲ್ಲಿ ನಾನು ನಿಲ್ಲುತ್ತೇನೆ. ಬರದಿದ್ದರೆ ಯಂತ್ರಕ್ಕೂ ಜನಕ್ಕೂ ನಡುವೆ ನಾನೊಬ್ಬಳೇ ನಿಲ್ಲುತ್ತೇನೆ.

ರತ್ನಕ್ಕ

ಸಭೆ ಪಿಳ್ಳಣ್ಣನ ಗುಡಿಸಲಿನ ಮುಂದೆ. ಮಾರ್ಚ್ ಏಳು, ಶನಿವಾರ, ಸಂಜೆ ನಾಲ್ಕು ಗಂಟೆ.